ಕುಂಬಳಕಾಯಿಯ ನೆಲೆ ಮತ್ತು ಸಾರ್ವಜನಿಕ ಸುರಕ್ಷತೆ: ಫಲಪುಷ್ಪ ಪ್ರದರ್ಶನದಿಂದ ಆಯುಧಪೂಜೆಯವರೆಗೆ

ನಾಡಹಬ್ಬ ದಸರಾ ಸಮೀಪಿಸಿದಾಗ ರಾಜ್ಯದ ಪೊಲೀಸ್ ಅಧಿಕಾರಿಗಳು ಮತ್ತು ಸ್ಥಳೀಯ ಸಂಸ್ಥೆಗಳು ಸಾರ್ವಜನಿಕರಲ್ಲಿ ಒಂದು ಮನವಿಯನ್ನು ಮಾಡುವುದು ವಾಡಿಕೆಯಾಗಿದೆ. ಆಯುಧಪೂಜೆಯ ದಿನ ಬೂದುಗುಂಬಳಕಾಯಿಯನ್ನು ರಸ್ತೆಯ ಮೇಲೆ ಒಡೆಯಬಾರದು, ಒಡೆದಲ್ಲಿ ಕೂಡಲೇ ತೆರವುಗೊಳಿಸಬೇಕು ಎಂಬುದೇ ಆ ಮನವಿ. ಮನವಿ ಪತ್ರಿಕೆಗಳಲ್ಲಿ ಪ್ರಕಟವಾಗುತ್ತದೆ. ವಿಜಯದಶಮಿಯ ಬೆಳಿಗ್ಗೆ ವೃತ್ತಗಳಲ್ಲಿ, ಅಂಗಡಿ ಸಾಲುಗಳ ಮುಂದೆ, ಗ್ಯಾರೇಜುಗಳ ಎದುರು ಕುಂಕುಮ ಬೆರೆತ ತಿರುಳು ಹರಡಿರುವುದೂ ಕಂಡುಬರುತ್ತದೆ.

ಇದಾದ ಮೂರು ನಾಲ್ಕು ತಿಂಗಳಿಗೆ, ಗಣರಾಜ್ಯೋತ್ಸವದ ಆಸುಪಾಸಿನಲ್ಲಿ ಫಲಪುಷ್ಪ ಪ್ರದರ್ಶನಗಳು ಏರ್ಪಡುತ್ತವೆ. ಅಲ್ಲಿ ಇದೇ ಕುಂಬಳಕಾಯಿಯು ಕೆತ್ತನೆಗೊಂಡು ಮೇಜಿನ ಮೇಲೆ ವಿರಾಜಮಾನವಾಗಿರುತ್ತದೆ. ಒಂದೆಡೆ ಪೂಜೆ, ಮತ್ತೊಂದೆಡೆ ಕಲೆ. ಇವೆರಡಕ್ಕೂ ಸಂಬಂಧವಿಲ್ಲವೆಂದು ಮೇಲ್ನೋಟಕ್ಕೆ ತೋರಬಹುದು. ಆದರೆ ಭಾರವಾದ, ಗುಂಡಗಿನ, ನೀರಿನಿಂದ ತುಂಬಿದ ಕಾಯಿಯೊಂದನ್ನು ಜನರು ಓಡಾಡುವ ಸ್ಥಳದಲ್ಲಿ ಎಲ್ಲಿ ಇರಿಸಬೇಕು, ಹೇಗೆ ಇರಿಸಬೇಕು ಎಂಬ ಪ್ರಶ್ನೆ ಎರಡರಲ್ಲಿಯೂ ಒಂದೇ ಆಗಿದೆ. ಬೇಲೂರು, ಹಳೇಬೀಡು ಹಾಗೂ ಅರಸೀಕೆರೆ ಭಾಗವನ್ನು, ಅದರಲ್ಲಿಯೂ ಹಳೇಬೀಡಿಗೆ ಸಮೀಪದ ಹುಲಿಕೆರೆ ಗ್ರಾಮವನ್ನು ಗಮನದಲ್ಲಿರಿಸಿಕೊಂಡು ಈ ವಿಷಯವನ್ನು ಇಲ್ಲಿ ವಿಶ್ಲೇಷಿಸಲಾಗಿದೆ.

ಕಾಯಿಯ ಸ್ವರೂಪ

ನಮ್ಮಲ್ಲಿ ಕುಂಬಳಕಾಯಿ ಎಂಬ ಹೆಸರು ಎರಡು ಬೇರೆ ಬೇರೆ ಬಳ್ಳಿಗಳ ಕಾಯಿಗೆ ಸಲ್ಲುತ್ತದೆ. ಸಿಹಿಗುಂಬಳವು ಅಮೆರಿಕ ಖಂಡಗಳಿಂದ ಬಂದು ಇಲ್ಲಿ ನೆಲೆಯೂರಿದ ಬೆಳೆ. ಬೂದುಗುಂಬಳವು ಏಷ್ಯಾ ಮೂಲದ್ದು. ಹುಳಿ, ಮಜ್ಜಿಗೆಹುಳಿ, ಸಂಡಿಗೆ ಮತ್ತು ಕಾಶಿಹಲ್ವಕ್ಕೆ ಬಳಕೆಯಾಗುವುದಲ್ಲದೆ ದೃಷ್ಟಿ ನಿವಾರಣೆಗೂ ಆಯುಧಪೂಜೆಗೂ ಸಲ್ಲುವುದು ಈ ಎರಡನೆಯದು. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯು ಅಭಿವೃದ್ಧಿಪಡಿಸಿದ ಅರ್ಕಾ ಚಂದನ್ ಎಂಬ ಸಿಹಿಗುಂಬಳದ ಕಾಯಿ 2ರಿಂದ 3 ಕೆ.ಜಿ. ತೂಗಿದರೆ, ಅರ್ಕಾ ಸೂರ್ಯಮುಖಿಯದು ಸುಮಾರು 1 ಕೆ.ಜಿ. ಮಾತ್ರ. ಇವು ಅಡುಗೆಮನೆಯ ಅಗತ್ಯವನ್ನು ನೋಡಿ ರೂಪಿಸಿದ ತಳಿಗಳು. ನಾಟಿ ಬೂದುಗುಂಬಳವಾದರೋ 10 ಕೆ.ಜಿ. ದಾಟುವುದು ಅಪರೂಪವೇನಲ್ಲ. ಅದರ ತೂಕದಲ್ಲಿ ನೂರಕ್ಕೆ 95 ಭಾಗಕ್ಕಿಂತ ಹೆಚ್ಚು ನೀರೇ ಆಗಿರುತ್ತದೆ.

ವಿದೇಶಗಳಲ್ಲಿ ಸ್ಪರ್ಧೆಗೆಂದೇ ಬೆಳೆಯುವ ದೈತ್ಯಗಾತ್ರದ ಕುಂಬಳದ ವಿಷಯ ಬೇರೆ. 2023ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ತೂಗಿದ ಕಾಯಿ 1,247 ಕೆ.ಜಿ. ಇದ್ದಿತು. 2025ರಲ್ಲಿ ಇಂಗ್ಲೆಂಡಿನ ಕಾಯಿಯೊಂದು 1,278 ಕೆ.ಜಿ. ಮೀರಿ ಆ ದಾಖಲೆಯನ್ನು ಮುರಿಯಿತು. ಇಂತಹವು ಬೆಳೆಯುವಾಗಲೇ ತಮ್ಮ ಭಾರಕ್ಕೆ ತಾವೇ ಚಪ್ಪಟೆಯಾಗುತ್ತವೆ. ಅವುಗಳನ್ನು ತೊಟ್ಟು ಹಿಡಿದು ಎತ್ತುವುದಿಲ್ಲ. ಕಾಯಿಯ ಕೆಳಭಾಗವನ್ನು ಸುತ್ತುವರಿದ ಪಟ್ಟಿಗಳಿಂದ ಯಂತ್ರದ ಮೂಲಕ ಎತ್ತಿ, ಮರದ ಹಲಗೆಯ ಚೌಕಟ್ಟಿನ ಮೇಲೆ ಇಳಿಸಿ, ಆ ಚೌಕಟ್ಟಿನ ಸಮೇತ ಸಾಗಿಸಲಾಗುತ್ತದೆ. ಒಮ್ಮೆ ಇಳಿಸಿದ ಕಾಯಿಯನ್ನು ಮತ್ತೆ ಹೊರಳಿಸುವ ಗೋಜಿಗೆ ಯಾರೂ ಹೋಗುವುದಿಲ್ಲ. ಆದುದರಿಂದ ಎಲ್ಲಿ ಇಳಿಸಬೇಕು, ಯಾವ ಮುಖ ಜನರತ್ತ ಇರಬೇಕು ಎಂಬುದು ಕಾಯಿ ಹೊಲದಲ್ಲಿರುವಾಗಲೇ ತೀರ್ಮಾನವಾಗಿರುತ್ತದೆ. ನಮ್ಮ ಕಾಯಿಗಳು ಅದರ ನೂರನೆಯ ಒಂದು ಪಾಲು ತೂಗುವುದರಿಂದ ಸ್ಥಳದ ನಿರ್ಧಾರವನ್ನು ನಾವು ಕೊನೆಯ ಗಳಿಗೆಗೆ ಬಿಡುತ್ತೇವೆ. ತೊಂದರೆಯ ಮೂಲ ಇರುವುದು ಇಲ್ಲಿಯೇ.

ಪ್ರದರ್ಶನದ ಮೇಜಿನ ಮೇಲೆ

ಬೆಂಗಳೂರಿನ ಲಾಲ್‌ಬಾಗ್‌ನಲ್ಲಿ 1889ರಲ್ಲಿ ಅಡಿಗಲ್ಲು ಹಾಕಲಾದ ಗಾಜಿನ ಮನೆಯು ಫಲಪುಷ್ಪ ಪ್ರದರ್ಶನಗಳಿಗೆ ಹೆಸರಾಗಿದೆ. ಸ್ವಾತಂತ್ರ್ಯೋತ್ಸವ ಹಾಗೂ ಗಣರಾಜ್ಯೋತ್ಸವದ ಸಂದರ್ಭಗಳಲ್ಲಿ ಅಲ್ಲಿ ಪ್ರದರ್ಶನ ನಡೆಯುತ್ತದೆ. ಅದರ ಮಾದರಿಯಲ್ಲಿ ಹಾಸನವೂ ಸೇರಿದಂತೆ ಜಿಲ್ಲಾ ಕೇಂದ್ರಗಳಲ್ಲಿ ತೋಟಗಾರಿಕೆ ಇಲಾಖೆಯ ವತಿಯಿಂದ ಪ್ರದರ್ಶನಗಳನ್ನು ಏರ್ಪಡಿಸಲಾಗುತ್ತದೆ. ಕಲ್ಲಂಗಡಿ ಹಾಗೂ ಕುಂಬಳಕಾಯಿಯ ಮೇಲೆ ಕೆತ್ತಿದ ಮಹನೀಯರ ಭಾವಚಿತ್ರಗಳ ಮುಂದೆ ಶಾಲಾ ಮಕ್ಕಳ ಗುಂಪು ಹೆಚ್ಚು ಹೊತ್ತು ನಿಲ್ಲುವುದು ಸಾಮಾನ್ಯ ನೋಟ. ಮಕ್ಕಳು ಮೇಜಿನ ಅಂಚನ್ನು ಹಿಡಿದು ಮುಂದಕ್ಕೆ ಬಾಗುತ್ತಾರೆ. 12 ಕೆ.ಜಿ.ಯ ಕಾಯಿ ಉರುಳಿದರೆ ಬೀಳುವುದು ಅವರ ಪಾದದ ಮೇಲೆಯೇ.

ಬಳ್ಳಿಯಲ್ಲಿದ್ದಾಗ ನೆಲಕ್ಕೆ ತಾಗಿಕೊಂಡಿದ್ದ ಭಾಗವು ಬಣ್ಣ ಕಡಿಮೆಯಾಗಿ ತುಸು ಚಪ್ಪಟೆಯಾಗಿರುತ್ತದೆ. ಕಾಯಿ ತಾನಾಗಿಯೇ ಕುಳಿತುಕೊಳ್ಳುವುದು ಆ ಭಾಗದ ಮೇಲೆ. ಕೆತ್ತುವವರು ಮೊದಲು ಕಾಯಿಯನ್ನು ಸಮತಟ್ಟಾದ ನೆಲದಲ್ಲಿ ಬಿಟ್ಟು, ಅದು ಹೇಗೆ ನಿಲ್ಲುತ್ತದೆಂಬುದನ್ನು ನೋಡಿ, ಬಳಿಕ ಚಿತ್ರದ ಸ್ಥಾನವನ್ನು ಗುರುತಿಸುವುದು ಸೂಕ್ತ. ಚಿತ್ರವನ್ನು ಮೊದಲು ಬರೆದು ಅನಂತರ ಕಾಯಿಯನ್ನು ಅದಕ್ಕೆ ತಕ್ಕಂತೆ ಓರೆಯಾಗಿ ನಿಲ್ಲಿಸಲು ಹೊರಟರೆ ಇಟ್ಟಿಗೆ ಚೂರು, ಮರದ ತುಂಡುಗಳನ್ನು ಒತ್ತುಕೊಡಬೇಕಾಗುತ್ತದೆ. ಅಂತಹ ಒತ್ತು ಸಂಜೆಯವರೆಗೆ ನಿಲ್ಲುವ ಭರವಸೆಯಿಲ್ಲ. ಕಾಯಿ ಅಲುಗದಿರಲೆಂದು ಬುಡವನ್ನು ಕತ್ತರಿಸಿ ಮಟ್ಟ ಮಾಡುವ ರೂಢಿಯೂ ಉಂಟು. ಇದರಿಂದ ಮೊದಲ ದಿನ ಅನುಕೂಲವಾದರೂ ಎರಡನೆಯ ದಿನ ರಸ ಸೋರಿ ಮೇಜು ಜಾರುತ್ತದೆ, ಕೊಳೆತವು ಕಣ್ಣಿಗೆ ಕಾಣದಂತೆ ಕೆಳಗಿನಿಂದ ಆರಂಭವಾಗುತ್ತದೆ.

ಇದಕ್ಕೆ ಪರಿಹಾರವು ನಮ್ಮ ಮನೆಗಳಲ್ಲಿಯೇ ಇದೆ. ನೀರಿನ ಕೊಡವನ್ನು ಇರಿಸಲು, ತಲೆಯ ಮೇಲೆ ಹೊರೆ ಹೊರಲು ಬಳಸುವ ಸಿಂಬೆಯು ಗುಂಡಗಿನ ವಸ್ತುವಿಗೆ ನೆಲೆ ಒದಗಿಸಲೆಂದೇ ಹುಟ್ಟಿದ ಸಾಧನ. ಭತ್ತದ ಹುಲ್ಲಿನಿಂದಲೋ ಗೋಣಿಚೀಲದಿಂದಲೋ ಸುತ್ತಿದ, ಕಾಯಿಯ ಅಗಲದ ಅರ್ಧಕ್ಕಿಂತ ಹೆಚ್ಚು ವ್ಯಾಸವಿರುವ ಸಿಂಬೆಯ ಮೇಲೆ ಕುಳಿತ ಕಾಯಿಯು ಮೇಜು ಅಲುಗಿದರೂ ಸುಲಭವಾಗಿ ಉರುಳದು. ಕೆಳಗೆ ಗಾಳಿಯಾಡುವುದರಿಂದ ಬುಡವೂ ಬೇಗ ಕೊಳೆಯುವುದಿಲ್ಲ. ಹೊಯ್ಸಳ ಶಿಲ್ಪಿಗಳು ಬೇಲೂರು, ಹಳೇಬೀಡಿನ ದೇವಾಲಯಗಳನ್ನು ಗೋಡೆಗಿಂತ ಬಹಳ ವಿಸ್ತಾರವಾದ ಜಗತಿಯ ಮೇಲೆ ನಿಲ್ಲಿಸಿದುದನ್ನು ದಿನವೂ ಕಾಣುವ ಈ ಭಾಗದ ಜನರಿಗೆ ಬುಡ ಅಗಲವಾಗಿರಬೇಕೆಂಬ ಮಾತನ್ನು ವಿವರಿಸಿ ಹೇಳುವ ಅಗತ್ಯವಿರಲಾರದು.

ಕೆತ್ತನೆಯ ವೇಳೆ ಕಾಯಿಯನ್ನು ತೊಡೆಯ ಮೇಲೆ ಅಥವಾ ತೋಳಿನಲ್ಲಿ ಅವುಚಿ ಹಿಡಿಯಬಾರದು. ಬೂದುಗುಂಬಳದ ಮೇಲಿನ ಬೂದಿಯನ್ನು ಒಣ ಬಟ್ಟೆಯಿಂದ ಒರೆಸಿದ ನಂತರವೇ ಚಾಕು ತಾಗಿಸಬೇಕು, ಇಲ್ಲವಾದಲ್ಲಿ ಅಲಗು ಜಾರುತ್ತದೆ. ಹಿಡಿದ ಕೈಯತ್ತ ಚಾಕು ಬರುವಂತೆ ಎಳೆಯಬಾರದು. ಒಳಗಿನ ತಿರುಳನ್ನು ಪೂರ್ಣವಾಗಿ ತೆಗೆದು ಸಿಪ್ಪೆಯನ್ನು ತೆಳುವಾಗಿಸಿದ ಕಾಯಿಯು ಹಗುರವಾಗುವುದೇನೋ ನಿಜ, ಆದರೆ ಒಂದೆರಡು ದಿನಗಳಲ್ಲಿ ಒಳಕ್ಕೆ ಕುಸಿಯುತ್ತದೆ. ಅದರ ಮೇಲೆ ಮತ್ತೊಂದು ಕಾಯಿಯನ್ನು ಪೇರಿಸುವುದು ಸರ್ವಥಾ ಸಲ್ಲದು. ದೊಡ್ಡ ಕಾಯಿಗಳು ನೆಲಮಟ್ಟದ ಕಟ್ಟೆಯ ಮೇಲೆ, ಸಣ್ಣವು ಮೇಲಿನ ಮೆಟ್ಟಿಲುಗಳಲ್ಲಿ ಇರಬೇಕು. ಆಕರ್ಷಣೆಗಾಗಿ ಇದನ್ನು ತಲೆಕೆಳಗು ಮಾಡುವ ಸಂಘಟಕರಿದ್ದಾರೆ. ಅದು ಛಾಯಾಚಿತ್ರಕ್ಕೆ ಚೆಂದ ಕಾಣುವುದಷ್ಟೇ ಹೊರತು ಬೇರೆ ಪ್ರಯೋಜನವಿಲ್ಲ.

ಮೇಲೆ ತೂಗುವ ಕಾಯಿ

ಕಟ್ಟುತ್ತಿರುವ ಮನೆಯ ಮುಂದೆ, ಅಂಗಡಿಯ ಬಾಗಿಲಿನ ಮೇಲೆ ಮುಖ ಬರೆದ ಬೂದುಗುಂಬಳವನ್ನು ಕಟ್ಟುವ ಪದ್ಧತಿ ಎಲ್ಲೆಡೆ ಇದೆ. ಮಲೆನಾಡಿನ ಮನೆಗಳಲ್ಲಿ ಕಾಯಿಯನ್ನು ಬಾಳೆನಾರಿನಿಂದ ಕಟ್ಟಿ ಅಟ್ಟದ ತೊಲೆಗೆ ತೂಗುಹಾಕಿ ತಿಂಗಳುಗಟ್ಟಲೆ ಕಾಪಿಡುತ್ತಿದ್ದುದುಂಟು. ಆದರೆ ಅಲ್ಲಿ ಮಳೆ ಬಿಸಿಲುಗಳ ಬಾಧೆಯಿರಲಿಲ್ಲ, ಕಟ್ಟಿದವರು ನಿತ್ಯವೂ ಅದನ್ನು ನೋಡುತ್ತಿದ್ದರು. ಬೀದಿಗೆ ಮುಖಮಾಡಿ ತೂಗುವ ಕಾಯಿಯನ್ನು ಕಟ್ಟಿದ ಮೇಲೆ ಗಮನಿಸುವವರಿಲ್ಲ. ಹಗ್ಗ ಮಳೆ ಬಿಸಿಲಿಗೆ ಸವೆಯುತ್ತದೆ. ಕಾಯಿ ಮೇಲೆ ಗಟ್ಟಿಯಾಗಿಯೇ ಕಂಡರೂ ಒಳಗೆ ದ್ರವವಾಗಿರುತ್ತದೆ.

ಸುಮಾರು 3 ಮೀಟರ್ ಎತ್ತರದಿಂದ ಬೀಳುವ ಕಾಯಿಯು ನೆಲ ಮುಟ್ಟುವಾಗ ಗಂಟೆಗೆ ಸುಮಾರು 28 ಕಿ.ಮೀ. ವೇಗದಲ್ಲಿರುತ್ತದೆ. ಎರಡನೆಯ ಅಂತಸ್ತಿನ ಮಟ್ಟದಿಂದ, ಅಂದರೆ 6 ಮೀಟರ್ ಎತ್ತರದಿಂದ ಬಿದ್ದರೆ ಆ ವೇಗ ಸುಮಾರು 39 ಕಿ.ಮೀ. ಆಗುತ್ತದೆ. 8 ಕೆ.ಜಿ. ತೂಕದ ವಸ್ತು ಈ ವೇಗದಲ್ಲಿ ತಲೆಗೆ ಬಡಿದರೆ ಪರಿಣಾಮವೇನೆಂಬುದನ್ನು ಹೇಳಬೇಕಾಗಿಲ್ಲ. ಕಟ್ಟಡದ ಕೆಲಸಗಾರರು ಬುತ್ತಿ ಬಿಚ್ಚಿ ಕುಳಿತುಕೊಳ್ಳುವುದು ಅದೇ ನೆರಳಿನಲ್ಲಿ. ಆದಕಾರಣ ಕಟ್ಟಲೇಬೇಕೆಂದಿರುವವರು 2 ಕೆ.ಜಿ. ಮೀರದ ಸಣ್ಣ ಕಾಯಿಯನ್ನು ಆರಿಸಿಕೊಂಡು, ತೊಟ್ಟಿಗೆ ಹಗ್ಗ ಬಿಗಿಯದೆ ಇಡೀ ಕಾಯಿಯನ್ನು ಹಗ್ಗದ ಬಲೆಯಲ್ಲಿ ಕೂರಿಸಿ, ಜನರು ನಿಲ್ಲುವ ಅಥವಾ ದಾಟುವ ಜಾಗವನ್ನು ತಪ್ಪಿಸಿ ಗೋಡೆಯ ಪಕ್ಕಕ್ಕೆ ಕಟ್ಟುವುದು ಒಳಿತು. ಪ್ರತಿ ಅಮಾವಾಸ್ಯೆಗೆ ಕಾಯಿಯನ್ನು ಬದಲಿಸುವ ಕ್ರಮವನ್ನು ಅನೇಕ ಅಂಗಡಿಗಳಲ್ಲಿ ಪಾಲಿಸುತ್ತಾರೆ. ನಂಬಿಕೆಯ ದೃಷ್ಟಿಯಿಂದ ಮಾಡುವ ಈ ಬದಲಾವಣೆಯು ಸುರಕ್ಷತೆಯ ದೃಷ್ಟಿಯಿಂದಲೂ ಸರಿಯಾದುದೇ ಆಗಿದೆ.

ಆಯುಧಪೂಜೆಯ ರಸ್ತೆ

ಆಯುಧಪೂಜೆಯ ವಿಧಾನ ಎಲ್ಲರಿಗೂ ತಿಳಿದಿರುವಂಥದೇ. ಕಾಯಿಯ ಮೇಲ್ಭಾಗದಲ್ಲಿ ಚೌಕಾಕಾರವಾಗಿ ಕೊರೆದು, ಒಳಗೆ ಕುಂಕುಮ ಹಾಗೂ ನಾಣ್ಯಗಳನ್ನು ತುಂಬಿ, ಕೊರೆದ ತುಂಡನ್ನು ಮುಚ್ಚಿ, ಅದರ ಮೇಲೆ ಕರ್ಪೂರ ಹಚ್ಚಿ ವಾಹನಕ್ಕೋ ಯಂತ್ರಕ್ಕೋ ನಿವಾಳಿಸಿ ಒಡೆಯುತ್ತಾರೆ. ಇದರಲ್ಲಿ ಅಪಾಯವು ಒಂದೇ ಕಡೆ ಇಲ್ಲ. ಉರಿಯುವ ಕರ್ಪೂರವು ದ್ವಿಚಕ್ರ ವಾಹನದ ಪೆಟ್ರೋಲ್ ಟ್ಯಾಂಕಿನ ಬಳಿ ಸುಳಿಯುತ್ತದೆ. ಕಾಯಿ ಒಡೆದ ಕ್ಷಣದಲ್ಲಿ ಚೆಲ್ಲಿದ ನಾಣ್ಯಗಳಿಗಾಗಿ ಮಕ್ಕಳು ರಸ್ತೆಗೆ ನುಗ್ಗುತ್ತಾರೆ; ಅವರ ದೃಷ್ಟಿ ನೆಲದ ಮೇಲಿರುತ್ತದೆಯೇ ಹೊರತು ಬರುವ ವಾಹನದ ಮೇಲಲ್ಲ. ಮೂರನೆಯದು, ಎಲ್ಲಕ್ಕಿಂತ ಮುಖ್ಯವಾದುದು, ಎಲ್ಲರೂ ಮನೆಗೆ ಹೋದ ನಂತರ ಉಳಿಯುವ ತಿರುಳು.

ನೀರು ತುಂಬಿದ ಆ ತಿರುಳು ಡಾಂಬರು ಮತ್ತು ಟೈರಿನ ನಡುವೆ ಪದರದಂತೆ ಸೇರಿಕೊಂಡು ಹಿಡಿತವನ್ನು ತಪ್ಪಿಸುತ್ತದೆ. ನಾಲ್ಕು ಚಕ್ರದ ವಾಹನವು ಸ್ವಲ್ಪ ಜಾರಿ ಸರಿಹೋಗಬಹುದು. ತಿರುವಿನಲ್ಲಿ ಓರೆಯಾಗಿ ಸಾಗುವ ದ್ವಿಚಕ್ರ ವಾಹನಕ್ಕೆ ಆ ಅವಕಾಶವಿಲ್ಲ. ರಾತ್ರಿಯಲ್ಲಿ ಬೀದಿದೀಪವಿಲ್ಲದ ಗ್ರಾಮಾಂತರ ರಸ್ತೆಯಲ್ಲಿ ಅದು ಕಾಣುವುದೂ ಇಲ್ಲ. ಕೇಂದ್ರ ರಸ್ತೆ ಸಾರಿಗೆ ಸಚಿವಾಲಯದ ವರದಿಯಂತೆ 2022ರಲ್ಲಿ ದೇಶದ ರಸ್ತೆ ಅಪಘಾತಗಳಲ್ಲಿ 1,68,491 ಮಂದಿ ಮೃತಪಟ್ಟಿದ್ದು, ಅವರಲ್ಲಿ ಶೇಕಡ 44ಕ್ಕೂ ಹೆಚ್ಚು ಮಂದಿ ದ್ವಿಚಕ್ರ ವಾಹನದಲ್ಲಿದ್ದವರು. ಇದರಲ್ಲಿ ಕುಂಬಳಕಾಯಿಯ ಪಾಲನ್ನು ಬೇರ್ಪಡಿಸಿ ಲೆಕ್ಕ ಹಾಕುವ ಕ್ರಮವಿಲ್ಲ. ಆದರೆ ಮೊದಲೇ ಅಪಾಯದಲ್ಲಿರುವ ಸವಾರನ ದಾರಿಗೆ ಮತ್ತೊಂದು ಜಾರಿಕೆಯನ್ನು ತಂದಿರಿಸುವುದು ಸಮರ್ಥನೀಯವಲ್ಲ. ಆಯುಧಪೂಜೆಯನ್ನು ವಾಹನದ ಕ್ಷೇಮಕ್ಕಾಗಿಯೇ ಆಚರಿಸಲಾಗುತ್ತದೆ ಎಂಬುದನ್ನೂ ಇಲ್ಲಿ ನೆನೆಯಬೇಕು.

ಕಾನೂನಿನ ಸ್ಥಿತಿಯೂ ಬದಲಾಗಿದೆ. ಸಾರ್ವಜನಿಕ ದಾರಿಯಲ್ಲಿ ಅಪಾಯ ಅಥವಾ ಅಡಚಣೆ ಉಂಟುಮಾಡುವುದಕ್ಕೆ ಹಿಂದಿನ ಭಾರತೀಯ ದಂಡ ಸಂಹಿತೆಯ 283ನೇ ಕಲಮಿನಡಿ ಇದ್ದ ಗರಿಷ್ಠ ದಂಡ 200 ರೂಪಾಯಿ ಮಾತ್ರ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 285ನೇ ಕಲಮಿನಡಿ ಅದು 5,000 ರೂಪಾಯಿಗಳವರೆಗೆ ಇರಬಹುದಾಗಿದೆ. ದಂಡದ ಮೊತ್ತ ಹೆಚ್ಚಿದರೂ ಅದರಿಂದಲೇ ರಸ್ತೆ ಸ್ವಚ್ಛವಾಗುವುದೆಂದು ನಿರೀಕ್ಷಿಸುವಂತಿಲ್ಲ. ಒಂದೇ ಸಂಜೆ, ಒಂದೇ ವೃತ್ತದಲ್ಲಿ, ಹತ್ತಾರು ಮಂದಿ ಒಡೆದ ಕಾಯಿಗಳಲ್ಲಿ ಯಾರದು ಯಾವುದೆಂದು ನಿರೂಪಿಸುವುದು ಕಷ್ಟ. ಹಬ್ಬದ ದಿನ ಭಕ್ತಿಯಿಂದ ಪೂಜೆ ಮಾಡುವವರ ಮೇಲೆ ಪ್ರಕರಣ ದಾಖಲಿಸಲು ಠಾಣೆಗಳೂ ಹಿಂಜರಿಯುವುದು ಸಹಜ.

ಸರ್ಕಾರಿ ಕಚೇರಿಗಳೂ ಈ ಸಮಸ್ಯೆಯಿಂದ ಹೊರತಲ್ಲ. 2023ರ ಆಯುಧಪೂಜೆಯ ಮುನ್ನ ವಿಧಾನಸೌಧ ಹಾಗೂ ವಿಕಾಸಸೌಧದ ಮೊಗಸಾಲೆಗಳಲ್ಲಿ ರಾಸಾಯನಿಕಯುಕ್ತ ಕುಂಕುಮ, ಅರಿಶಿನ ಮತ್ತು ಬಣ್ಣಗಳನ್ನು ಬಳಸಬಾರದೆಂದು ಸೂಚನೆ ಹೊರಡಿಸಲಾಗಿತ್ತು. ಕುಂಬಳಕಾಯಿಯೊಂದಿಗೆ ಚೆಲ್ಲಿದ ಬಣ್ಣದ ಕಲೆ ನೆಲದಿಂದ ಬೇಗ ಹೋಗದೆ ಉಳಿಯುವುದೇ ಅದಕ್ಕೆ ಕಾರಣವಾಗಿತ್ತು. ಆ ಸೂಚನೆ ಕೆಲವರ ಟೀಕೆಗೂ ಒಳಗಾಯಿತು. ಗಮನಿಸಬೇಕಾದ ಅಂಶವೆಂದರೆ, ಅಲ್ಲಿ ನಿರ್ಬಂಧಿಸಿದ್ದು ಪೂಜೆಯನ್ನಲ್ಲ. ನಿರ್ದಿಷ್ಟ ಸ್ಥಳದಲ್ಲಿ ನಿರ್ದಿಷ್ಟ ವಸ್ತುವಿನ ಬಳಕೆಯನ್ನು.

ರಸ್ತೆಯ ವಿಷಯದಲ್ಲಿ ಹೊರಡುವ ಮನವಿಗಳು ಫಲ ನೀಡದಿರುವುದಕ್ಕೆ ಈ ಸ್ಥಳನಿರ್ದೇಶನದ ಕೊರತೆಯೇ ಪ್ರಧಾನ ಕಾರಣವೆಂದು ತೋರುತ್ತದೆ. ‘ಇಲ್ಲಿ ಒಡೆಯಬೇಡಿ’ ಎನ್ನುವ ಪ್ರಕಟಣೆಯಲ್ಲಿ ‘ಅಲ್ಲಿ ಒಡೆಯಿರಿ’ ಎಂಬ ಮಾತು ಇರುವುದಿಲ್ಲ. ಅಂಗಳವಿರುವ ಮನೆಯವರು ಅಂಗಳದಲ್ಲಿ ಒಡೆದಾರು. ಬೀದಿಗೆ ತಾಗಿದ ಬಾಗಿಲುಳ್ಳ ಅಂಗಡಿಯವರು, ನಿಲ್ದಾಣದಲ್ಲಿಯೇ ವಾಹನ ನಿಲ್ಲಿಸುವ ಆಟೋ ಚಾಲಕರು ಎಲ್ಲಿಗೆ ಹೋಗಬೇಕು? ಅವರಿಗೆ ರಸ್ತೆಯನ್ನು ಬಿಟ್ಟು ಬೇರೆ ನೆಲವಿಲ್ಲ. ಅದನ್ನು ಒದಗಿಸಬೇಕಾದುದು ಗ್ರಾಮ ಪಂಚಾಯಿತಿ ಹಾಗೂ ಪುರಸಭೆಗಳ ಕೆಲಸ.

ಹುಲಿಕೆರೆಯ ಸಂದರ್ಭ

ಹುಲಿಕೆರೆಯು ಹೊಯ್ಸಳರ ಕಾಲದ ಕಲ್ಯಾಣಿಯಿಂದ ಪ್ರಸಿದ್ಧವಾದ ಗ್ರಾಮ. ಕಲ್ಲಿನ ಮೆಟ್ಟಿಲುಗಳ ನಡುವೆ ಕಿರುಗುಡಿಗಳನ್ನು ಜೋಡಿಸಿದ ಆ ಕೊಳವನ್ನು ನೋಡಲು ಹಳೇಬೀಡಿಗೆ ಬಂದ ಪ್ರವಾಸಿಗರಲ್ಲಿ ಕೆಲವರು ಇತ್ತ ಹೊರಳುತ್ತಾರೆ. 2023ರ ಸೆಪ್ಟೆಂಬರ್‌ನಲ್ಲಿ ಬೇಲೂರು, ಹಳೇಬೀಡು ಮತ್ತು ಸೋಮನಾಥಪುರದ ದೇವಾಲಯಗಳು ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ದಸರಾ ರಜೆಯ ದಿನಗಳು ಪ್ರವಾಸದ ದಿನಗಳೂ ಹೌದು. ಈ ರಸ್ತೆಗಳ ತಿರುವುಗಳನ್ನು ಅರಿಯದ ಹೊರಊರಿನ ಚಾಲಕರು ಮತ್ತು ಸ್ಥಳೀಯರ ಹಬ್ಬದ ಆಚರಣೆ ಒಂದೇ ದಿನ, ಒಂದೇ ಡಾಂಬರಿನ ಮೇಲೆ ಸಂಧಿಸುತ್ತವೆ. ಟ್ರ್ಯಾಕ್ಟರ್, ಟಿಲ್ಲರ್, ಪಂಪ್‌ಸೆಟ್, ಕೊಬ್ಬರಿ ಸಾಗಿಸುವ ಲಾರಿ ಹೀಗೆ ಪೂಜೆಗೊಳ್ಳುವ ಯಂತ್ರಗಳು ಈ ಭಾಗದಲ್ಲಿ ಹೇರಳ.

ಇಂತಹ ಗ್ರಾಮದಲ್ಲಿ ಮಾಡಬೇಕಾದುದು ಹೆಚ್ಚು ಖರ್ಚಿನದಲ್ಲ. ಮಹಾನವಮಿಗೆ ಒಂದು ವಾರ ಮೊದಲೇ ರಸ್ತೆಯಿಂದ ದೂರವಿರುವ, ವಾಹನ ಬಂದು ತಿರುಗಲು ಅವಕಾಶವಿರುವ ಬಯಲನ್ನು ಪಂಚಾಯಿತಿಯು ಗುರುತಿಸಿ ಡಂಗುರ ಸಾರಿಸಬಹುದು. ಬಯಲಿನಲ್ಲಿ ಒಂದು ಕಲ್ಲುಚಪ್ಪಡಿ, ಪಕ್ಕದಲ್ಲಿ ತಿರುಳು ಹಾಕಲು ಗುಂಡಿ, ಒಂದು ಡ್ರಮ್ಮು ನೀರು ಇದ್ದರೆ ಸಾಕಾಗುತ್ತದೆ. ಕಲ್ಯಾಣಿಯ ಮೆಟ್ಟಿಲುಗಳನ್ನಾಗಲಿ, ದೇವಾಲಯಗಳ ಆವರಣದ ಕಲ್ಲುಹಾಸನ್ನಾಗಲಿ ಯಾವ ಕಾರಣಕ್ಕೂ ಇದಕ್ಕೆ ಬಳಸತಕ್ಕದ್ದಲ್ಲ. ಹೊಯ್ಸಳರ ಶಿಲ್ಪಕ್ಕೆ ಬಳಕೆಯಾದ ಬಳಪದ ಕಲ್ಲು ಗಣಿಯಿಂದ ತೆಗೆದಾಗ ಮೃದುವಾಗಿದ್ದು ಕಾಲಕ್ರಮದಲ್ಲಿ ಗಡುಸಾಗುವಂಥದು. ಹಾಗೆಂದು ಕುಂಕುಮದ ಬಣ್ಣ, ಎಣ್ಣೆ, ಕರ್ಪೂರದ ಮಸಿ ಅದಕ್ಕೆ ಹತ್ತುವುದಿಲ್ಲವೆಂದು ಭಾವಿಸಬಾರದು.

ಕಾಯಿಯನ್ನು ಎಸೆದು ಒಡೆಯುವುದೊಂದೇ ಸಂಪ್ರದಾಯವಲ್ಲ ಎಂಬುದನ್ನೂ ಇಲ್ಲಿ ಹೇಳಬೇಕು. ಕಾಯಿಯನ್ನು ಎರಡು ಹೋಳಾಗಿ ಕತ್ತರಿಸಿ, ಕುಂಕುಮ ಹಚ್ಚಿ, ಹೊಸ್ತಿಲಿನ ಅಥವಾ ಗೇಟಿನ ಎಡಬಲಗಳಲ್ಲಿ ಒಂದೊಂದನ್ನು ಇರಿಸುವ ಕ್ರಮವು ಅನೇಕ ಮನೆಗಳಲ್ಲಿದೆ. ಹೋಳಿನ ಕತ್ತರಿಸಿದ ಮುಖ ಮೇಲಿದ್ದು, ಅದು ನಡೆಯುವ ದಾರಿಯಿಂದ ಒಂದು ಮೊಳ ಒಳಗಿದ್ದರೆ ಯಾರ ಕಾಲಿಗೂ ತೊಡರುವುದಿಲ್ಲ. ಮರುದಿನ ಎತ್ತಿ ತಿಪ್ಪೆಗೆ ಹಾಕುವುದೂ ಸುಲಭ. ರಸ್ತೆ ಬದಿಯ ಅಂಗಡಿಯವರಿಗೆ ಈ ಕ್ರಮವೇ ಹೆಚ್ಚು ಹೊಂದುತ್ತದೆ. ನಾಣ್ಯ ಹಾಕುವವರು ಅದನ್ನು ಕಾಯಿಯೊಳಗೆ ತುಂಬದೆ ಮಕ್ಕಳ ಕೈಗೇ ಕೊಡಬಹುದು. ಕುಂಕುಮ ಬೆರೆತ ತಿರುಳನ್ನು ದನಗಳು ತಿನ್ನದಂತೆ ನೋಡಿಕೊಳ್ಳಬೇಕು. ಪೇಟೆಯಲ್ಲಿ ದೊರೆಯುವ ಕುಂಕುಮವೆಲ್ಲ ಅರಿಶಿನದಿಂದ ತಯಾರಾದುದಲ್ಲ, ತಿರುಳಿನ ಜೊತೆ ನಾಣ್ಯವೂ ಹೊಟ್ಟೆ ಸೇರಬಹುದು.

ಹಬ್ಬದ ಮುನ್ನಾದಿನಗಳಲ್ಲಿ ರಸ್ತೆ ಬದಿಯಲ್ಲಿ ಕಾಯಿ ರಾಶಿ ಹಾಕಿ ಮಾರುವ ರೈತರೂ ವ್ಯಾಪಾರಿಗಳೂ ರಾಶಿಯನ್ನು ಸೊಂಟದ ಮಟ್ಟಕ್ಕಿಂತ ಎತ್ತರಿಸಬಾರದು. ರಸ್ತೆಯತ್ತಣ ಅಂಚಿಗೆ ಮಣ್ಣು ತುಂಬಿದ ಚೀಲಗಳ ಸಾಲನ್ನು ಅಡ್ಡಲಾಗಿಡಬೇಕು. ಇಳಿಜಾರಿನಲ್ಲಿ ಉರುಳಿ ರಸ್ತೆಗೆ ಬಂದ ಇಡೀ ಕಾಯಿಯು ಒಡೆದ ಕಾಯಿಗಿಂತ ಕಡಿಮೆ ಅಪಾಯಕಾರಿಯಲ್ಲ. ಗಿರಾಕಿಗಳು ವಾಹನವನ್ನು ಡಾಂಬರಿನ ಮೇಲೆಯೇ ನಿಲ್ಲಿಸಿ ಚೌಕಾಸಿ ಮಾಡುವುದನ್ನು ತಪ್ಪಿಸಲು ಅಂಗಡಿಯನ್ನು ತಿರುವಿನಿಂದ ದೂರ, ನಿಲುಗಡೆಗೆ ಜಾಗವಿರುವಲ್ಲಿ ಹೂಡುವುದು ವ್ಯಾಪಾರಕ್ಕೂ ಲಾಭದಾಯಕ.

ಆಯುಧಪೂಜೆಯ ರಾತ್ರಿ ಅಥವಾ ವಿಜಯದಶಮಿಯ ಬೆಳಿಗ್ಗೆ ರಸ್ತೆಯಲ್ಲಿ ತಿರುಳು ಬಿದ್ದಿರುವುದು ಕಂಡುಬಂದಲ್ಲಿ ಮಣ್ಣು ಅಥವಾ ಮರಳನ್ನು ಅದರ ಮೇಲೆ ಎರಚಿ, ಸಲಿಕೆಯಿಂದ ಬದಿಗೆ ಸರಿಸತಕ್ಕದ್ದು. ಬರಿಯ ನೀರು ಸುರಿದರೆ ಅದು ಇನ್ನಷ್ಟು ಅಗಲಕ್ಕೆ ಹರಡುತ್ತದೆ. ಈ ಕೆಲಸದಲ್ಲಿ ತೊಡಗಿದವರು ಎರಡೂ ಕಡೆಯ ವಾಹನಗಳಿಗೆ ಕಾಣುವಂತೆ ಒಬ್ಬರನ್ನು ನಿಲ್ಲಿಸಿಕೊಳ್ಳುವುದು ಅವಶ್ಯ. ಅಪಘಾತ ಸಂಭವಿಸಿದಲ್ಲಿ ಪೊಲೀಸ್ ನೆರವಿಗೆ 112 ಹಾಗೂ ಆಂಬುಲೆನ್ಸ್ ಸೇವೆಗೆ 108 ಸಂಖ್ಯೆಗೆ ಕರೆ ಮಾಡಬಹುದಾಗಿದೆ. ತಿರುಳು ಹಾಕುವ ಸ್ಥಳದ ಬಗ್ಗೆ ಆಯಾ ಗ್ರಾಮ ಪಂಚಾಯಿತಿ ಕಚೇರಿಯಲ್ಲಿ ಹಬ್ಬಕ್ಕೆ ಮುಂಚಿತವಾಗಿ ವಿಚಾರಿಸಲು ಕೋರಲಾಗಿದೆ.